ಹೆಚ್ಚುವರಿ ಯಾರು?

ನಾವು ಉಂಡವರು. ಮೊದಲು ಅದನ್ನು ಹೇಳಿಬಿಡುತ್ತೇವೆ. ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದುಕೊಂಡು ಹೈಸ್ಕೂಲು, ಪಿಯುಸಿ ಓದಿದವರು. ಇವತ್ತು ನಮ್ಮಲ್ಲಿ ಮೇಷ್ಟ್ರಾದವರಿದ್ದಾರೆ, ಬಸ್ ಕಂಡಕ್ಟರಾದವರಿದ್ದಾರೆ, ಡಿಗ್ರಿ ಮುಗಿಸಿ ಕೆಲಸ ಸಿಗದೆ ಊರಲ್ಲೇ ಕೂಲಿಗೆ ಹೋಗುವವರಿದ್ದಾರೆ, ಆಫೀಸರಾಗಿ ಊರಿನ ದಾರಿ ಮರೆತವರೂ ಇದ್ದಾರೆ. ನಮಗೆಲ್ಲ ಮುದ್ದೆ ಕಟ್ಟಿ ಹಾಕಿದ ಕೈ ಒಂದೇ. ಆ ಕೈಯನ್ನು ಈಗ 'ಹೆಚ್ಚುವರಿ' ಎಂದು ಬರೆದು ಹೊರಗೆ ಹಾಕಿದ್ದಾರೆ.

ಅಕ್ಕ ಆ ಹಾಸ್ಟೆಲಿಗೆ ಬಂದದ್ದು 1998ರ ಜೂನಿನಲ್ಲಿ. ಗಂಡ ತೀರಿಕೊಂಡಿದ್ದ. ಕಂಕುಳಲ್ಲಿ ಒಂದು ಕೂಸು. ಆಗಿನ ವಾರ್ಡನ್ನು ತಿಂಗಳಿಗೆ 600 ರೂಪಾಯಿ ಅಂದರು, ಅಕ್ಕ ಹೂಂ ಅಂದಳು. ಆದೇಶವಿಲ್ಲ, ಕಾಗದವಿಲ್ಲ, ಎಲ್ಲ ಬಾಯಿಮಾತು. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಮುಂದೆ ಕೂತರೆ ರಾತ್ರಿ ಪಾತ್ರೆ ತೊಳೆದು ಕವುಚಿ ಹಾಕುವ ಹೊತ್ತಿಗೆ ಹತ್ತು ಗಂಟೆ. ಗ್ಯಾಸ್ ಬರುವವರೆಗೆ ಹಸಿ ಸೌದೆ, ಕಣ್ಣು ಬಿಡಲಾರದ ಹೊಗೆ. 100 ಹುಡುಗರಿಗೆ ದಿನಕ್ಕೆ 20 ಕಿಲೋ ರಾಗಿ ಹಿಟ್ಟು. ವರ್ಷಕ್ಕೆ 300 ದಿನ ಅಂತ ಹಿಡಿಯಿರಿ. ಮೂವರು ಅಡುಗೆಯವರು ಹಂಚಿಕೊಂಡರೂ 27 ವರ್ಷಕ್ಕೆ ಅಕ್ಕನ ಪಾಲಿಗೆ ಬಂದದ್ದು 540 ಕ್ವಿಂಟಾಲ್. ಅಷ್ಟು ಹಿಟ್ಟು ತಿರುವಿದ ಬಲಗೈ ರಟ್ಟೆ ಇವತ್ತು ತಲೆ ಬಾಚಿಕೊಳ್ಳಲೂ ಮೇಲೇಳುವುದಿಲ್ಲ.

ಜ್ವರ ಬಂದ ಹುಡುಗನಿಗೆ ಗಂಜಿ ಕಾಯಿಸಿ ಕೊಡುವುದು ಅಡುಗೆಯವರ ಕೆಲಸ ಅಂತ ಯಾವ ನಿಯಮದಲ್ಲೂ ಬರೆದಿಲ್ಲ. ಊರಿಗೆ ಹೋಗಲು ಬಸ್ ಚಾರ್ಜಿಲ್ಲದೆ ಹಬ್ಬದ ದಿನ ಹಾಸ್ಟೆಲಲ್ಲೇ ಉಳಿದ ಹುಡುಗನಿಗೆ ಮನೆಯಿಂದ ಒಬ್ಬಟ್ಟು ತಂದು ಕೊಡಬೇಕು ಅಂತಲೂ ಬರೆದಿಲ್ಲ. ಅಕ್ಕ ಅದನ್ನೆಲ್ಲ ಮಾಡಿದಳು. ಇದನ್ನು ನಾವು ಕಣ್ಣೀರು ತರಿಸಲು ಹೇಳುತ್ತಿಲ್ಲ. ಕೆಲಸದ ಲೆಕ್ಕ ಹಾಕುವಾಗ ಇದೂ ಲೆಕ್ಕಕ್ಕೆ ಬರಬೇಕು ಅಂತ ಹೇಳುತ್ತಿದ್ದೇವೆ.

ಮೊದಲ ಎಂಟು ವರ್ಷ ಅಕ್ಕ ದಿನಗೂಲಿ. ಆಮೇಲೆ ಒಂದು ದಿನ, 'ನೀನಿನ್ನು ನಮ್ಮ ಕಡೆಯವಳಲ್ಲ, ಏಜೆನ್ಸಿ ಕಡೆಯವಳು' ಅಂದರು. ಒಲೆ ಅದೇ, ಪಾತ್ರೆ ಅದೇ, ಹುಡುಗರು ಅವರೇ, ಬಯ್ಯುವ ವಾರ್ಡನ್ನೂ ಅವರೇ. ಸಂಬಳದ ಚೀಟಿ ಮೇಲಿನ ಹೆಸರು ಮಾತ್ರ ಬೇರೆ. ಅಂದಿನಿಂದ ಏಳು ಏಜೆನ್ಸಿ ಬದಲಾದವು. ಪ್ರತಿ ಏಜೆನ್ಸಿಗೂ ಅಕ್ಕ ಹೊಸಬಳೇ. ಕಾಗದದಲ್ಲಿ ಮಾರ್ಚ್ 31ಕ್ಕೆ ಸಾಯುತ್ತಾಳೆ, ಜೂನಿನಲ್ಲಿ ಹುಟ್ಟುತ್ತಾಳೆ.

2025ರ ಜೂನಿನಲ್ಲಿ ಬೇಸಿಗೆ ರಜೆ ಮುಗಿಸಿ ಪಾತ್ರೆ ಉಜ್ಜಲು ಹೋದಾಗ ಏಜೆನ್ಸಿಯ ಸೂಪರ್‌ವೈಸರ್ ಎಂಬ ಹುಡುಗ ಗೇಟಿನ ಹತ್ತಿರವೇ ನಿಲ್ಲಿಸಿದ. ಮಕ್ಕಳ ಸಂಖ್ಯೆ 100ರಿಂದ 80ಕ್ಕೆ ಇಳಿದಿದೆ, ಒಂದು ಆಳು ಹೆಚ್ಚುವರಿ, ನೀವು ಬರೋದು ಬೇಡ ಅಂದ. ನೋಟೀಸಿಲ್ಲ, ಒಂದು ತಿಂಗಳ ಸಂಬಳವಿಲ್ಲ. ಉಳಿದ ಇಬ್ಬರಲ್ಲಿ ಒಬ್ಬಾಕೆ ಬಂದು ಎರಡು ವರ್ಷವಾಗಿತ್ತು, ಇನ್ನೊಬ್ಬಾಕೆ ಬಂದು ಎಂಟು ತಿಂಗಳು. 27 ವರ್ಷದವಳು ಹೊರಗೆ. ಮೂರು ವಾರ ಕಳೆಯುವುದರೊಳಗೆ 'ಸ್ವಚ್ಛತಾ ಸಹಾಯಕಿ' ಎಂಬ ಹೆಸರಿನಲ್ಲಿ ಮತ್ತೊಬ್ಬಾಕೆಯನ್ನು ತಂದು ಅದೇ ಒಲೆ ಮುಂದೆ ಕೂರಿಸಿದರು.

ಹಾಗಾದರೆ ಹೆಚ್ಚಾದದ್ದು ಏನು? ಆ ಮಾರ್ಚಿನಲ್ಲಿ ಅಕ್ಕ ಒಂದು ಪ್ರಶ್ನೆ ಕೇಳಿದ್ದಳು. ಸಂಬಳದಲ್ಲಿ ಪಿಎಫ್ ಅಂತ ಹಿಡಿಯುತ್ತೀರಲ್ಲ, ಹದಿನಾಲ್ಕು ತಿಂಗಳಿಂದ ಖಾತೆಗೆ ಯಾಕೆ ಬಂದಿಲ್ಲ? ಹೆಚ್ಚಾದದ್ದು ಆ ಪ್ರಶ್ನೆ.

ನಾವು ಐದು ಜನ ಹೋಗಿ ಅಕ್ಕನನ್ನು ಕಂಡಾಗ ಅವಳು ನಮ್ಮನ್ನೇ ಕೇಳಿದಳು: "ಹೆಚ್ಚುವರಿ ಅಂದ್ರೆ ಏನ್ಲಾ ಮಗಾ? ಅನ್ನ ಹೆಚ್ಚಾದ್ರೆ ನೀರು ಹಾಕಿ ಮಡಗ್ತೀವಿ, ಬೆಳಿಗ್ಗೆ ಎದ್ದು ಉಣ್ತೀವಿ. ಮನುಸ್ರು ಹೆಚ್ಚಾದ್ರೆ ಏನ್ ಮಾಡ್ತಾರೆ?" ನಮ್ಮಲ್ಲಿ ಇಬ್ಬರು ಎಂ.ಎ. ಮಾಡಿದವರಿದ್ದೆವು. ಉತ್ತರ ಹೊಳೆಯಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

●

ಕೆಲಸವೇ ಇಲ್ಲದಾಗ ಕೆಲಸಗಾರ ಹೆಚ್ಚುವರಿಯಾಗುತ್ತಾನೆ ಎಂಬುದು ಅವರ ಮಾತು. ಕೋಲಾರ ಚಿನ್ನದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಿದರು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದು ಶ್ವಾಸಕೋಶದಲ್ಲಿ ಕಲ್ಲಿನ ಧೂಳು ತುಂಬಿಕೊಂಡ ಜನ, ಬಹುಪಾಲು ದಲಿತರು, ಬೀದಿಗೆ ಬಿದ್ದರು. ಅಂದಿನಿಂದ ಎಷ್ಟೋ ಮನೆಯವರು ದಿನಾ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರುತ್ತಿದ್ದಾರೆ. ಅದೂ ಅನ್ಯಾಯವೇ. ಆದರೆ ಅಲ್ಲಿ ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆ ಮೀರಿತು ಎಂಬ ಒಂದು ನೆಪವಾದರೂ ಇತ್ತು. ಹಾಸ್ಟೆಲಿನಲ್ಲಿ ಯಾವ ನೆಪ? ಹುಡುಗರ ಹಸಿವು ಮುಗಿಯಿತೇ? ಊರಿನ ಕಸ ಮುಗಿಯಿತೇ? ಆಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸುವುದು ಮುಗಿಯಿತೇ? ಮುಗಿಯಲಾರದ ಕೆಲಸಕ್ಕೆ ಮುಗಿಯುವ ಗುತ್ತಿಗೆ. ಕೆಲಸ ಖಾಯಂ, ಕೆಲಸ ಮಾಡುವ ಮೈ ತಾತ್ಕಾಲಿಕ. ಇಡೀ ವಂಚನೆ ಇಷ್ಟರಲ್ಲೇ ಇದೆ.

ಈ ಮೈ ಯಾರದ್ದು ಅಂತ ನೋಡಿ. ಮಂತ್ರಿಯ ಕೋಣೆಯ ಕುರ್ಚಿ ಹೊರಗುತ್ತಿಗೆಗೆ ಹೋಗಿಲ್ಲ. ಸಹಿ ಹಾಕುವ ಪೆನ್ನು ಹೊರಗುತ್ತಿಗೆಗೆ ಹೋಗಿಲ್ಲ. ಮೊದಲು ಹೋದದ್ದು ಪೊರಕೆ, ಸೌಟು, ಗುದ್ದಲಿ, ಮ್ಯಾನ್‌ಹೋಲು. ಅಂದರೆ ಯಾವ ಕೆಲಸವನ್ನು ಜಾತಿ ನಮ್ಮ ತಲೆಗೆ ಕಟ್ಟಿತ್ತೋ, ಅದೇ ಕೆಲಸದಲ್ಲಿ ನಾಲ್ಕು ಕಾಸು ಭದ್ರತೆ, ಪಿಂಚಣಿ, ರಜೆ ಬರುವ ಹೊತ್ತಿಗೆ ಅದನ್ನು ಏಜೆನ್ಸಿಗೆ ಒಪ್ಪಿಸಿದರು. ಇದು ಆಕಸ್ಮಿಕ ಅಂತ ನಂಬುವವರು ನಂಬಲಿ.

ನಮ್ಮ ಅಜ್ಜಂದಿರು ಬಿಟ್ಟಿ ಮಾಡಿದರು. ತೋಟಿಯ ಮಗ ತೋಟಿ, ತಳವಾರನ ಮಗ ತಳವಾರ. ಸತ್ತ ದನ ಎಳೆಯಲು, ಊರೂರಿಗೆ ಸಾವಿನ ಸುದ್ದಿ ಮುಟ್ಟಿಸಲು, ಅಮಲ್ದಾರನ ಕುದುರೆ ಮುಂದೆ ಓಡಲು ಕರೆ ಬಂದರೆ ಇಲ್ಲ ಅನ್ನುವಂತಿಲ್ಲ. 1961ರಲ್ಲಿ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂತು, ವಂಶಪಾರಂಪರ್ಯದ ಹುದ್ದೆಗಳು ಹೋದವು. ನಮ್ಮ ಅಪ್ಪಂದಿರು ಜೀತಕ್ಕಿದ್ದರು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಇವೆಲ್ಲ ಬೇಕಾದ ಕಾನೂನುಗಳೇ, ಇವುಗಳಿಂದಲೇ ನಾವು ತಲೆ ಎತ್ತಿದ್ದು. ಆದರೆ ಒಡೆಯ ಬುದ್ಧಿವಂತ. ಜೀತದಾಳಿಗೆ ಕಾಯಿಲೆಯಾದರೆ ಹೊಟ್ಟೆಗೆ ಹಾಕಬೇಕಿತ್ತು, ಮುದಿಯಾದರೆ ಹಟ್ಟಿಯ ಮೂಲೆಯಲ್ಲಾದರೂ ಜಾಗ ಕೊಡಬೇಕಿತ್ತು. ಏಜೆನ್ಸಿಗೆ ಅದೂ ಬೇಕಿಲ್ಲ. ಅಂದು ನಮಗೆ ಕೆಲಸ ಬಿಟ್ಟು ಹೋಗುವ ಹಕ್ಕಿರಲಿಲ್ಲ. ಇಂದು ಕೆಲಸದಲ್ಲಿ ಉಳಿಯುವ ಹಕ್ಕಿಲ್ಲ. ಎರಡು ಕಾಲದಲ್ಲೂ ಹಕ್ಕು ಅವರದ್ದೇ.

●

ಕಾನೂನು ಏನು ಹೇಳುತ್ತದೆ ಎಂಬುದನ್ನು ನಮ್ಮ ಹಳ್ಳಿ ಮೇಷ್ಟ್ರುಗಳು, ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಳ್ಳಬೇಕು. ವಕೀಲರಿಗೆ ಮಾತ್ರ ಗೊತ್ತಿರುವ ಕಾನೂನು ಬಡವರಿಗೆ ಇದ್ದೂ ಇಲ್ಲ.

ಅಕ್ಕನನ್ನು ತೆಗೆದ ದಿನ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ಅದರ 25ಎಫ್ ಕಲಮಿನ ಪ್ರಕಾರ, ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. 25ಜಿ ಕಲಮಿನ ಪ್ರಕಾರ, ಕೊನೆಗೆ ಬಂದವರು ಮೊದಲು ಹೋಗಬೇಕು. ಹಾಗಲ್ಲದಿದ್ದರೆ ಕಾರಣ ಬರೆದಿಡಬೇಕು. 25ಎಚ್ ಪ್ರಕಾರ, ಮತ್ತೆ ಆಳು ಬೇಕಾದಾಗ ತೆಗೆದವರನ್ನೇ ಮೊದಲು ಕರೆಯಬೇಕು. ಅಕ್ಕನ ವಿಷಯದಲ್ಲಿ ಮೂರನ್ನೂ ಮುರಿದರು. ಅವಳಿಗೆ ಬರಬೇಕಾದದ್ದು 405 ದಿನದ ಸಂಬಳ, ಅಂದರೆ ಹದಿಮೂರೂವರೆ ತಿಂಗಳದ್ದು. 27 ವರ್ಷದ ಬೆವರಿಗೆ ಕಾನೂನು ಕಟ್ಟಿದ ಬೆಲೆಯೇ ಇಷ್ಟು. ಅದನ್ನೂ ಕೊಡಲಿಲ್ಲ.

ಅವರ ಹತ್ತಿರವೂ ಕಾನೂನಿದೆ. 1984ರಲ್ಲಿ ಅದೇ ಕಾಯ್ದೆಗೆ ಒಂದು ಕಿಂಡಿ ಕೊರೆದರು. ಗುತ್ತಿಗೆಯ ಅವಧಿ ಮುಗಿದು ಅದನ್ನು ಮುಂದುವರಿಸದಿದ್ದರೆ ಅದು ಕೆಲಸದಿಂದ ತೆಗೆದಂತೆ ಆಗುವುದಿಲ್ಲ ಅಂತ. ಅಂದಮೇಲೆ ಪ್ರತಿ ವರ್ಷ ಗುತ್ತಿಗೆ ಮುಗಿಸಿದರಾಯಿತು! 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ, ನಿತ್ಯದ ಕೆಲಸಕ್ಕೆ ಗುತ್ತಿಗೆ ನಿಷೇಧಿಸುವ ಅಧಿಕಾರ ಸರ್ಕಾರಕ್ಕೆ ಇತ್ತು. ಹಾಗೆ ನಿಷೇಧಿಸಿದರೂ ಕಾರ್ಮಿಕ ತಾನಾಗಿ ಖಾಯಂ ಆಗುವುದಿಲ್ಲ ಅಂತ 2001ರಲ್ಲಿ ಸುಪ್ರೀಂ ಕೋರ್ಟು ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಿತು. 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು. ಅದರಲ್ಲಿಯೂ ವರ್ಷಕ್ಕೆ 15 ದಿನದ ಲೆಕ್ಕ ಉಳಿದಿದೆ. ಆದರೆ ಕಾರ್ಖಾನೆಗಳು ಆಳು ತೆಗೆಯಲು ಸರ್ಕಾರದ ಮುಂಗಡ ಅನುಮತಿ ಕೇಳಬೇಕಾದ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದೆ. ದುಡಿಯುವವನ ಬಾಗಿಲು ಕಿರಿದಾಗುತ್ತಾ, ಹೊರಗೆ ಹಾಕುವವನ ಬಾಗಿಲು ಅಗಲವಾಗುತ್ತಾ ಬಂದಿದೆ.

ಈ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 1984ರ ಜುಲೈ 1ಕ್ಕೆ ಮೊದಲು ಸೇರಿ ಹತ್ತು ವರ್ಷ ದುಡಿದವರಿಗೆ ಖಾಯಂ ಆಗುವ ದಾರಿ ತೆರೆಯಿತು. ಆ ತಾರೀಖಿನ ಈಚೆ ಸೇರಿದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳೂ ಅದನ್ನೇ ಕೇಳಿದರು. ಅದೇ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರಂದು ಐದು ನ್ಯಾಯಾಧೀಶರ ಪೀಠ, ನಿಯಮದ ಪ್ರಕಾರ ನೇಮಕವಾಗದವರಿಗೆ ಖಾಯಂ ಆಗುವ ಹಕ್ಕಿಲ್ಲ ಎಂದಿತು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತ್ತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಖಾಯಂ ಮಾಡಿ ಎಂದು. ಆಳುವವರು ಮೊದಲ ಮಾತನ್ನು ಕಲ್ಲಿನಲ್ಲಿ ಕೆತ್ತಿಕೊಂಡರು, ಎರಡನೆಯದನ್ನು ನೀರಿನ ಮೇಲೆ ಬರೆದುಕೊಂಡರು. 2012ರಲ್ಲಿ ನಮ್ಮ ರಾಜ್ಯ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಮಾಡಿ, ಅದರ ಪಟ್ಟಿಗೆ ಸೇರಿದವರಿಗೆ 60 ವರ್ಷದವರೆಗೆ ಕೆಲಸ ಎಂದಿತು. ಆ ಹೊತ್ತಿಗೆ ಅಕ್ಕನಂಥವರನ್ನು ಏಜೆನ್ಸಿಯ ಪಟ್ಟಿಗೆ ದಬ್ಬಿ ಆಗಿತ್ತು. ಪಟ್ಟಿಯಲ್ಲಿ ಹೆಸರಿಲ್ಲ, ಕಾಯ್ದೆಯೂ ಇಲ್ಲ.

2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಜಗ್ಗೋ ಪ್ರಕರಣದಲ್ಲಿ ಬೇರೆ ದನಿಯಲ್ಲಿ ಮಾತಾಡಿತು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸಿ, ಗಿಡಕ್ಕೆ ನೀರು ಹಾಕಿ, ಒಂದೆರಡು ದಶಕ ಸವೆಸಿದವರನ್ನು 2018ರಲ್ಲಿ ನೋಟೀಸಿಲ್ಲದೆ ತೆಗೆದಿದ್ದರು. ನಿತ್ಯದ ಕೆಲಸಕ್ಕೆ ತಾತ್ಕಾಲಿಕ ಎಂಬ ಹಣೆಪಟ್ಟಿ ಹಚ್ಚುವುದು ಶೋಷಣೆ, ಉಮಾದೇವಿ ತೀರ್ಪನ್ನು ಸರ್ಕಾರಗಳು ಆಯುಧ ಮಾಡಿಕೊಂಡಿವೆ ಎಂಬ ಅರ್ಥದ ಮಾತು ಹೇಳಿ ಅವರನ್ನು ಖಾಯಂ ಮಾಡಲು ಕೋರ್ಟು ಆದೇಶಿಸಿತು. ಕದ ಪೂರ್ತಿ ಮುಚ್ಚಿಲ್ಲ. ತಟ್ಟುವವರು ಬೇಕು.

●

ನಮ್ಮ ಗೆಳೆಯರೇ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. ಇವರೆಲ್ಲ ಹಿಂಬಾಗಿಲಿನಿಂದ ಬಂದವರು, ಇವರನ್ನು ಖಾಯಂ ಮಾಡಿದರೆ ಓದಿಕೊಂಡು ಅರ್ಜಿ ಹಾಕಿ ಕೂತ ನಮ್ಮ ಹುಡುಗರ ಮೀಸಲಾತಿ ಏನಾಗಬೇಕು ಅಂತ. ಇದು ತಳ್ಳಿಹಾಕುವ ಮಾತಲ್ಲ. ಉತ್ತರ ಕೊಡಲೇಬೇಕು.

ಮೊದಲನೆಯದಾಗಿ, ಆ ಹಿಂಬಾಗಿಲು ತೆರೆದವರು ಯಾರು? ಅಕ್ಕನೇ? ಹುದ್ದೆ ಭರ್ತಿ ಮಾಡದೆ ವರ್ಷಗಟ್ಟಲೆ ಖಾಲಿ ಬಿಟ್ಟವರು, ಕೆಲಸ ನಿಲ್ಲಬಾರದು ಅಂತ ಬಾಯಿಮಾತಿನಲ್ಲಿ ಕರೆದವರು, ಕರೆದು ದುಡಿಸಿಕೊಂಡವರು ಅವರು. ಬಾಗಿಲು ತೆರೆದವನಿಗೆ ಬಡ್ತಿ, ಒಳಗೆ ಬಂದವಳಿಗೆ ಶಿಕ್ಷೆ. ಇದ್ಯಾವ ಸೀಮೆ ನ್ಯಾಯ? ಹಾಗೆ ನೋಡಿದರೆ ನಮ್ಮ ಜನಕ್ಕೆ ಯಾವ ಕಟ್ಟಡದ ಮುಂಬಾಗಿಲು ತೆರೆದಿತ್ತು?

ಎರಡನೆಯದಾಗಿ, ಮೀಸಲಾತಿಯನ್ನು ತಿಂದದ್ದು ಅಕ್ಕನಲ್ಲ, ಏಜೆನ್ಸಿ. ಖಾಯಂ ಹುದ್ದೆಗೆ ರೋಸ್ಟರ್ ಇದೆ, ಬಡ್ತಿ ಇದೆ, ಪಿಂಚಣಿ ಇದೆ. ಹುದ್ದೆಯನ್ನೇ ಟೆಂಡರು ಮಾಡಿದ ಮೇಲೆ ಯಾವ ರೋಸ್ಟರ್? ಅಲ್ಲಿಯೂ ಮೀಸಲಾತಿ ತರುತ್ತೇವೆ ಅನ್ನುತ್ತಾರೆ. ತರಲಿ. ಮಾರ್ಚ್ 31ಕ್ಕೆ ಸಾಯುವ ಕೆಲಸದಲ್ಲಿ ಪಾಲು ಸಿಕ್ಕರೆ ಅದು ಸಾವಿನಲ್ಲಿ ಸಿಕ್ಕ ಪಾಲು. ಓದಿದ ಹುಡುಗ ಕೇಳಬೇಕಾದದ್ದು ಅಕ್ಕನ ಜಾಗವನ್ನಲ್ಲ. ಅವಳ ಪಕ್ಕದಲ್ಲಿ ಖಾಲಿ ಬಿದ್ದಿರುವ ಜಾಗವನ್ನು. ಹಸಿದ ಇಬ್ಬರ ನಡುವೆ ಒಂದು ರೊಟ್ಟಿ ಎಸೆದು ದೂರ ನಿಂತು ನೋಡುವವರ ಆಟ ನಮಗೆ ಗೊತ್ತಿರಬೇಕು.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ಈ ಬರಹ ಸುಳ್ಳಾಗುತ್ತದೆ. ಅಕ್ಕನ ವಿಷಯಕ್ಕೆ ನಾವು ಒಬ್ಬ ಅಧಿಕಾರಿಯ ಹತ್ತಿರ ಹೋಗಿದ್ದೆವು. ಕೂರಿಸಿ ಟೀ ತರಿಸಿದರು. "ನಾನೂ ಹಾಸ್ಟೆಲಲ್ಲೇ ಓದಿದೋನು ಕಣ್ರಪ್ಪಾ, ನಂಗೂ ಸಂಕಟ ಆಗುತ್ತೆ. ಆದ್ರೆ ಕಾನೂನು ಪ್ರಕಾರ ನಮಗೂ ಆಕೆಗೂ ಸಂಬಂಧ ಇಲ್ಲ" ಅಂದರು. ಅವರ ತಲೆಯ ಮೇಲುಗಡೆ ಗೋಡೆಯಲ್ಲಿ ಬಾಬಾಸಾಹೇಬರ ಪಟ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತು ಈ ದೇಶದ ದುಡಿಯುವವರಿಗೆ ಕಾನೂನಿನ ನೆಲೆ ಹಾಕಿದವರ ಪಟ. ಅದರ ಕೆಳಗೆ ಕೂತು, ಉಣಬಡಿಸಿದ ಕೈಗೂ ತನಗೂ ಸಂಬಂಧವಿಲ್ಲ ಅನ್ನುವ ಧೈರ್ಯ ನಮ್ಮವರಿಗೇ ಬಂದಿದೆ.

ಆ ಸಾಹೇಬರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಾವೇನು ಮಾಡಿದ್ದೆವು? 27 ವರ್ಷ ಅಕ್ಕನ ಸಂಬಳ ಎಷ್ಟು ಅಂತ ಒಬ್ಬರೂ ಕೇಳಿರಲಿಲ್ಲ. ಸಾರಿನಲ್ಲಿ ಬೇಳೆ ಕಡಿಮೆಯಾದಾಗ ತಟ್ಟೆ ಹಿಡಿದು ತಾಲ್ಲೂಕು ಆಫೀಸಿಗೆ ಮೆರವಣಿಗೆ ಹೋದೆವು. ಘೋಷಣೆ ಕೂಗಿ ವಾಪಸು ಬಂದಾಗ ಅಕ್ಕ ಅಡುಗೆ ಮಾಡಿ ಕಾಯುತ್ತಿದ್ದಳು. ಅವಳಿಗೆ ಮೂರು ತಿಂಗಳ ಸಂಬಳ ಬಂದಿಲ್ಲ ಎಂಬುದು ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಇರಲಿಲ್ಲ. ಚಳವಳಿಯೊಳಗೂ ಒಂದು ಅಡುಗೆಮನೆ ಇತ್ತು, ಅಲ್ಲಿ ಹೆಂಗಸರು ಇದ್ದರು. ಅವರು ನಮಗೆ ಕಾಣಲಿಲ್ಲ. ಈ ತಪ್ಪನ್ನು ಒಪ್ಪಿಕೊಂಡೇ ಮುಂದಿನ ಮಾತು.

●

ಈಗ ಮಾಡಬೇಕಾದದ್ದೇನು?

ಅಕ್ಕನಂಥವರು ಸೋಲುವುದು ಅನ್ಯಾಯ ಚಿಕ್ಕದೆಂದಲ್ಲ, ದಾಖಲೆ ಇಲ್ಲವೆಂದು. ಹಾಜರಿ ಪುಸ್ತಕ ಅವರ ಬೀರುವಿನಲ್ಲಿ. ಹಳೆಯದನ್ನು ಗೆದ್ದಲು ತಿಂದಿತು ಅನ್ನುತ್ತಾರೆ. 'ನೀನು 1998ರಿಂದ ಇದ್ದೆ ಅನ್ನೋದಕ್ಕೆ ಏನು ಸಾಕ್ಷಿ?' ಅಂತ ಕೇಳುತ್ತಾರೆ. ಸಾಕ್ಷಿ ನಾವು. ಅವಳ ಹಾಜರಿ ಪುಸ್ತಕ ನಮ್ಮ ಮೈಯಲ್ಲಿದೆ. ಅವಳು ಹಾಕಿದ ಮುದ್ದೆಯಿಂದಲೇ ಈ ಎಲುಬು ಬೆಳೆದದ್ದು.

ಆದ್ದರಿಂದ ನಾವು ಒಂದು ಕೆಲಸ ಶುರು ಮಾಡಿದ್ದೇವೆ. ಆ ಹಾಸ್ಟೆಲಿನ ಹಳೆಯ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕುತ್ತಿದ್ದೇವೆ. ಪ್ರತಿಯೊಬ್ಬರೂ ಒಂದು ಹಾಳೆ ಬರೆದು ಸಹಿ ಹಾಕಬೇಕು. ನಾನು ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಲ್ಲಿದ್ದೆ, ಈಕೆ ದಿನಾ ನನಗೆ ಅಡುಗೆ ಮಾಡಿ ಬಡಿಸುತ್ತಿದ್ದಳು, ಆಗ ವಾರ್ಡನ್ ಇಂಥವರು. ಇಷ್ಟೇ. 1998ರಿಂದ 2025ರವರೆಗೆ ಒಂದು ವರ್ಷವೂ ಬಿಡದ ಹಾಗೆ ಹಾಳೆಗಳು ಸೇರಿದರೆ, ಏಜೆನ್ಸಿಗಳು ಕಡಿದ ಸೇವೆಯ ಹಗ್ಗವನ್ನು ನಾವು ಗಂಟು ಹಾಕಿದಂತಾಗುತ್ತದೆ. ಜೊತೆಗೆ ವಾರ್ಷಿಕೋತ್ಸವದ ಫೋಟೋ, ದಾಸ್ತಾನು ಪುಸ್ತಕದಲ್ಲಿ ಅಕ್ಕ ಒತ್ತಿದ ಹೆಬ್ಬೆಟ್ಟು, ಬ್ಯಾಂಕಿನ ಪಾಸ್‌ಬುಕ್ಕು, ಇಎಸ್‌ಐ ಚೀಟಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಹಾಜರಿ, ಟೆಂಡರು, ಏಜೆನ್ಸಿಗೆ ಕೊಟ್ಟ ಬಿಲ್ಲುಗಳ ನಕಲು ಕೇಳಿದ್ದೇವೆ. ತಡ ಮಾಡುವಂತಿಲ್ಲ. ದಿನ ಕಳೆದಷ್ಟೂ ದಾವೆಯ ಜೀವ ಕರಗುತ್ತದೆ.

ಇದು ಒಂದು ಹಾಸ್ಟೆಲಿನ ಮಾತಲ್ಲ. ಓದುತ್ತಿರುವ ಗೆಳೆಯರೇ, ನಿಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಅಮ್ಮ ಯಾವ ವರ್ಷ ಬಂದರು ಅಂತ ನಾಳೆಯೇ ಕೇಳಿ ಬರೆದಿಡಿ. ನಿಮ್ಮ ಬೀದಿ ಗುಡಿಸುವವರ ಪಿಎಫ್ ನಂಬರು ಅವರಿಗೆ ಗೊತ್ತಿದೆಯೇ ಕೇಳಿ. ಮೇಷ್ಟ್ರುಗಳೇ, ಸಂಬಳದ ಚೀಟಿ ಓದಲು ಬಾರದವರಿಗೆ ಓದಿ ಹೇಳಿ. ಅದೂ ಪಾಠವೇ. ವಿದ್ಯಾರ್ಥಿಗಳೇ, ಮುಂದಿನ ಸಲ ತಟ್ಟೆ ಹಿಡಿದು ಬೀದಿಗೆ ಬಂದಾಗ ಬಡಿಸುವವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಅವರ ಬೇಡಿಕೆ ಪಟ್ಟಿಯ ಮೊದಲ ಸಾಲಿನಲ್ಲಿರಲಿ.

ಗೆಲ್ಲುವುದಿಲ್ಲ ಅಂತ ಹೇಳುವವರಿಗೆ ಪೌರಕಾರ್ಮಿಕರನ್ನು ತೋರಿಸಿ. 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟರು. ನಾಲ್ಕು ದಿನಕ್ಕೆ ಊರುಗಳು ನಾರಿದವು, ಸರ್ಕಾರ ಮಾತಿಗೆ ಬಂತು. 2025ರ ಮೇ 1ರಂದು ಬೆಂಗಳೂರಿನಲ್ಲಿ ಸಾವಿರಾರು ಜನ ಖಾಯಂ ಆದೇಶ ಕೈಗೆ ತೆಗೆದುಕೊಂಡರು. ಯಾರೂ ಕರುಣೆಯಿಂದ ಕೊಡಲಿಲ್ಲ. ತಾವು ಹೆಚ್ಚುವರಿಯಲ್ಲ ಎಂಬುದನ್ನು ಅವರು ಕೆಲಸ ನಿಲ್ಲಿಸಿ ತೋರಿಸಿದರು.

ಅಕ್ಕನ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇವೆ. ಹೆಚ್ಚುವರಿ ಅಂದರೆ ಒಲೆಗೂ ಹುಡುಗರ ತಟ್ಟೆಗೂ ನಡುವೆ ಕೂತು, ಒಂದು ಸೌಟೂ ತಿರುವದೆ, ಅಕ್ಕನ ಸಂಬಳದಲ್ಲಿ ಪಾಲು ತಿನ್ನುವವನು. ಹೋಗಬೇಕಾದವನು ಅವನು. ಅಕ್ಕ ಅದೇ ಅಡುಗೆಮನೆಗೆ ವಾಪಸು ಬರಬೇಕು, 27 ವರ್ಷದ ಲೆಕ್ಕ ಪೂರ್ತಿ ಹಿಡಿದು ಬರಬೇಕು. ಅಲ್ಲಿಯವರೆಗೆ ಹಾಳೆಗಳು ಸೇರುತ್ತಲೇ ಇರುತ್ತವೆ. ಆ ಒಲೆಯ ಮುದ್ದೆ ಉಂಡವರು ಯಾರೇ ಇರಲಿ, ಯಾವ ಕುರ್ಚಿಯಲ್ಲೇ ಕೂತಿರಲಿ, ಬಂದು ಸಹಿ ಹಾಕಲಿ. ಉಂಡ ಮೇಲೆ ಸಾಕ್ಷಿ ಹೇಳಲೇಬೇಕು.